ನಡುಗೋಡೆಯ ಆಚೆ ಈಚೆ

ಮೊನ್ನೆ ನಮ್ಮ ಮನೆಯ ಹೆಂಚು ಇಳಿಸುವಾಗ ಜಂತಿಯ ಮೇಲಿನ ಮಸಿ ಮೂಗಿಗೆ ಬಡಿಯಿತು. ಹಳೇ ಒಲೆಯ ಹೊಗೆ, ಒಣಮಣ್ಣು, ಇಲಿ ಎಲ್ಲ ಕಲೆತ ವಾಸನೆ. ಸೀನುತ್ತಲೇ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು... ನ್ಯಾಮತಿಯ ನಮ್ಮ ಓಣಿಯಲ್ಲಿ ಅಷ್ಟು ಹಟದ ಹೆಂಗಸನ್ನು ಆಮೇಲೆ ನಾನು ಕಾಣಲಿಲ್ಲ.

ಬಹಳ ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಚನ್ನಗಿರಿಗೆ ಕೊಟ್ಟಿದ್ದ ಅವರ ಮಗಳು ಚೊಚ್ಚಲ ಬಸುರಿ. ಹೆಂಚಿನ ಮನೆ ಸೋರುತ್ತಿತ್ತು. ಮಳೆ ಹಿಡಿಯುವುದರೊಳಗೆ ಆರ್‌ಸಿಸಿ ಹಾಕಿಸಿ ಮಗಳನ್ನು ಬಾಣಂತನಕ್ಕೆ ಕರೆತರಬೇಕೆಂದು ದೊಡ್ಡಮ್ಮ ನಿಶ್ಚಯಿಸಿದರು. ವರ್ಷವರ್ಷ ಹೆಂಚು ಕೈಯಾಡಿಸುವಾಗ ಯಾರನ್ನೂ ಕೇಳಿದವರಲ್ಲ. ಇದೂ ಹಾಗೇ ಎಂದುಕೊಂಡು ಒಂದು ಬೆಳಿಗ್ಗೆ ಹೆಂಚೆಲ್ಲ ಇಳಿಸಿಬಿಟ್ಟರು. ಮಧ್ಯಾಹ್ನಕ್ಕೆ ಪಂಚಾಯಿತಿಯಿಂದ ಒಬ್ಬರು ಬಂದರು.

"ಅಮ್ಮಾ, ಹೆಂಚು ಬದಲಿಸಾಕೆ ಏನೂ ಬ್ಯಾಡ. ಆರ್‌ಸಿಸಿಗೆ ಪರವಾನಗಿ ಬೇಕು. ನಡುಗೋಡೆ ಮ್ಯಾಲೆ ಭಾರ ಬೀಳ್ತೈತೆ, ಅಕ್ಕಪಕ್ಕದೋರ ಒಪ್ಪಿಗೆ ತಗೊಂಡು ಬರ್ರಿ."

ಒಂದು ಪಕ್ಕ ನಾವು. ನಮ್ಮಪ್ಪ ನಿಂತಲ್ಲೇ ಸಹಿ ಹಾಕಿದರು. ಇನ್ನೊಂದು ಪಕ್ಕ ದೊಡ್ಡಮ್ಮನ ಮೈದುನ. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ದೊಡ್ಡಮ್ಮನ ಸೂರಿನ ನೀರು ಅವರ ಅಂಗಳಕ್ಕೆ ಬೀಳುತ್ತದೆ ಎಂಬುದೇ ಜಗಳ.

ಭಾನುವಾರ ಕಚೇರಿ ಬಾಗಿಲು ಹಾಕಿರುತ್ತದೆ, ಸದ್ದಿಲ್ಲದೆ ಹಾಕಿಸಿಬಿಡಿ ಎಂದವರುಂಟು. ಬಾಣಂತನ ಬೀಗರ ಮನೆಯಲ್ಲೇ ಆಗಲಿ ಎಂದವರೂ ಉಂಟು. "ಕದ್ದು ಹಾಕಿದ ಸೂರಿನ ಕೆಳಗೆ ಮಗಳನ್ನ ಮಲಗಿಸಲ್ಲ. ಚೊಚ್ಚಲ ಬಾಣಂತನ ಇಲ್ಲೇ, ಈ ಮನ್ಯಾಗೇ" ಎಂದರು ದೊಡ್ಡಮ್ಮ. ಆಡಿದರೆ ಮುಗಿಯಿತು.

ನಮ್ಮ ಕಡೆ ಮಾತು ಬಿಟ್ಟವರು ಪೂರ್ತಿ ಬಿಡುವುದಿಲ್ಲ. ಕೇಳಬೇಕಾದವರ ಕಿವಿಗೆ ಬೀಳುವಂತೆ ಕೂಸಿಗೋ ದನಕ್ಕೋ ಹೇಳುತ್ತಾರೆ. ನಾನು ರೊಟ್ಟಿ ಕೊಡಲು ಹೋದಾಗ ದೊಡ್ಡಮ್ಮ ಸೂರಿಲ್ಲದ ಅಡುಗೆಮನೆಯಲ್ಲಿ ಕೋಳಿಗೆ ಕಾಳು ಹಾಕುತ್ತ ಗಟ್ಟಿಯಾಗಿ ಹೇಳುತ್ತಿದ್ದರು: "ಕೇಳೇ ಕೋಳೀ, ಹೊಸ ಸೂರಿನ ನೀರು ಪೈಪಿನಾಗೆ ಬೀದಿಗೆ ಹೋಗ್ತೈತೆ. ಯಾರ ಅಂಗಳಕ್ಕೂ ಬೀಳಲ್ಲ. ಇನ್ನು ಸಹಿ ಹಾಕಾಕೆ ಏನು ಅಡ್ಡಿ ಐತಂತೆ?"

ಗೋಡೆಯ ಆಚೆಯಿಂದ ಮೈದುನನ ದನಿ ಬಂತು. "ಎಮ್ಮೇ, ಪೈಪು ಹಾಕೋದನ್ನ ನಾವು ನಿಂತು ನೋಡ್ತೀವಿ ಅಂತ ಹೇಳೇ."

"ನೋಡ್ಲಿ ಬಿಡು. ನೋಡಾಕೇನು ಪರವಾನಗಿ ಬೇಕಿಲ್ಲ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ದೊಡ್ಡಮ್ಮ ಒಪ್ಪಿಗೆಯ ಕಾಗದವನ್ನು ಗೋಡೆಯ ಮೇಲಿಟ್ಟು ಹೆಂಚಿನ ಚೂರು ಹೇರಿದರು. ಬೆಳಿಗ್ಗೆ ನೋಡಿದರೆ ಅದರಲ್ಲಿ ಸಹಿ ಇತ್ತು.

ಪರವಾನಗಿ ಬಂತು, ಆರ್‌ಸಿಸಿಯೂ ಬಿತ್ತು. ಮೈದುನ ಬೆನ್ನಹಿಂದೆ ಕೈ ಕಟ್ಟಿಕೊಂಡು ಪೈಪನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಒಂದು ಫಜೀತಿಯಾಯಿತು. ಗಟ್ಟಿ ಸೂರು ಬಂದದ್ದೇ ದನಿ ಆಚೆ ದಾಟುವುದು ನಿಂತಿತು. ದೊಡ್ಡಮ್ಮ ಕೋಳಿಗೆ ಎಷ್ಟು ಕೂಗಿದರೂ ಎಮ್ಮೆಯ ಕಡೆಯಿಂದ ಉತ್ತರವಿಲ್ಲ. ಮಗಳು ಹೆತ್ತ ದಿನ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ತಲೆಗೆ ಸೆರಗು ಹೊದ್ದು ಮೈದುನನ ಹೊಸ್ತಿಲಿಗೇ ಹೋಗಿ ನಿಂತರು.

"ಹೆಣ್ಣುಕೂಸು ಹುಟ್ಟೈತೆ. ಬಾರಪ್ಪ."

ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದರು...

ದೊಡ್ಡಮ್ಮ ತೀರಿಕೊಂಡ ಮೇಲೆ ಆ ಮನೆ ಅವರ ಮಗಳ ಹೆಸರಿನಲ್ಲಿದೆ. ಈಗ ನಾನು ಆರ್‌ಸಿಸಿ ಹಾಕಿಸುತ್ತಿದ್ದೇನೆ. ಹೆಂಚಿಗೆ ಕೈ ಹಚ್ಚುವ ಮೊದಲೇ ಅರ್ಜಿ ಕೊಟ್ಟೆ, ಅಷ್ಟು ಬುದ್ಧಿ ದೊಡ್ಡಮ್ಮ ಕಲಿಸಿದ್ದರು. ಒಪ್ಪಿಗೆ ಕೇಳಲು ಹೋದಾಗ ಮಗಳು ನಗುತ್ತ ಸಹಿ ಹಾಕಿಬಿಟ್ಟಳು. ನೀರು ಎತ್ತ ಇಳಿಯುತ್ತದೆ ಎಂದು ಕೂಡ ಕೇಳಲಿಲ್ಲ. ಕೇಳುವವರು ಹೋಗಿಬಿಟ್ಟರಲ್ಲ ಎಂದುಕೊಂಡು ಕಾಗದ ಮಡಚಿಕೊಂಡು ಬಂದೆ.

ಇವತ್ತು ಬೆಳಿಗ್ಗೆ ಸೂರಿಲ್ಲದ ನಮ್ಮ ಅಡುಗೆಮನೆಯಲ್ಲಿ ಬೆಕ್ಕಿಗೆ ಹಾಲು ಹಾಕುತ್ತ ಗಟ್ಟಿಯಾಗಿಯೇ ಹೇಳಿದೆ: "ನೀರು ಬೀದಿಗೇ ಬಿಡ್ತೀವಿ ಅಂತ ದೊಡ್ಡಮ್ಮಂಗೆ ಹೇಳು."

ಗೋಡೆಯತ್ತ ಕಿವಿಗೊಟ್ಟೆ. ಬೆಕ್ಕು ಹಾಲು ಕುಡಿದು ಹೋಯಿತು.