ಪುಷ್ಪಮ್ಮನ ಮನೆಯ ಪಿಪಿ ನಂಬರು

ಕಾಗದನಗರದ ಕಾರ್ಖಾನೆ ಕ್ವಾರ್ಟರ್ಸ್‌ನ ಆ ಸಾಲಿನಲ್ಲಿ ಮೊದಲು ಫೋನು ಬಂದದ್ದು ಪುಷ್ಪಮ್ಮನ ಮನೆಗೆ. ತೊಂಬತ್ತರ ದಶಕದ ಮಾತು. ಬಂದ ವಾರದೊಳಗೆ ಅದು ಇಡೀ ಸಾಲಿನ ಫೋನಾಯಿತು. ಮದುವೆ ಕಾರ್ಡಿರಲಿ, ಕೆಲಸದ ಅರ್ಜಿಯಿರಲಿ, ಎಲ್ಲರೂ ಅವಳ ನಂಬರು ಬರೆದು ಪಕ್ಕದಲ್ಲಿ ‘ಪಿಪಿ’ ಅಂತ ಸೇರಿಸುತ್ತಿದ್ದರು. ಅಂದರೆ ಫೋನು ನಮ್ಮದಲ್ಲ, ಪಕ್ಕದ ಮನೆಯದು, ಕರೆದರೆ ಬರುತ್ತೇವೆ ಎಂದು. ಕರೆಯುವವಳು ಪುಷ್ಪಮ್ಮ. ಒಲೆಯ ಮೇಲೆ ಸಾರು ಉಕ್ಕಿದರೂ ಸರಿ, ರಿಸೀವರ್ ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡು, “ಹುಚ್ಚಮ್ಮಾ, ನಿಮ್ಮಕ್ಕನ ಫೋನು ಕಣೇ!” ಎನ್ನುತ್ತ ಬಿಸಿಲಲ್ಲಿ ಓಡುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡ ಭೂತಪ್ಪ ಗೊಣಗಿದರೆ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ನಾಲ್ಕು ಜನಕ್ಕೆ ಬೇಕಾದವಳು ಅನ್ನಿಸಿಕೊಳ್ಳುವ ಚಟ, ಇನ್ನೇನು!

ಮೊಬೈಲು ಬಂದವು, ಸಾಲಿನವರು ಅವಳ ಮನೆಗೆ ಬರುವುದನ್ನು ಮರೆತರು. ಎದುರುಮನೆ ಹುಚ್ಚಮ್ಮನ ಅಕ್ಕ ಬಂಗಾರಮ್ಮ ಮಾತ್ರ, ಕಣ್ಣು ಮಂಜಾದ ಮುದುಕಿ, ಬಾಯಿಪಾಠವಾಗಿದ್ದ ಹಳೇ ನಂಬರಿಗೇ ಫೋನು ಮಾಡುತ್ತಿದ್ದಳು. ಅದೊಂದು ಫೋನಿಗಾದರೂ ಓಡಲು ಸಿಕ್ಕಿತಲ್ಲ ಎಂದು ಪುಷ್ಪಮ್ಮನಿಗೆ ಒಳಗೊಳಗೇ ಸಂತೋಷ.

ಎರಡು ಸಾವಿರದ ಎಂಟರಲ್ಲಿ ಮಗಳು ಕವನ ಗಂಡನ ಮನೆ ಬಿಟ್ಟು ಬಂದಳು. ಯಾಕೆಂದು ಕೇಳದೆ ಬಿಡುವವರೇ ಸಾಲಿನವರು? ಕವನ ಯಾರಿಗೂ ಉತ್ತರ ಕೊಡಲಿಲ್ಲ. ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಡಾಕ್ಟರುಗಳು ರೋಗಿಗಳ ಬಗ್ಗೆ ರೆಕಾರ್ಡ್ ಮಾಡಿದ ಮಾತು ಕೇಳಿಸಿಕೊಂಡು ಟೈಪು ಮಾಡುವ ಕೆಲಸ ಕಲಿತಳು. ಬೆಂಗಳೂರಿನ ಕಂಪನಿಯೊಂದು ಮನೆಯಿಂದಲೇ ಮಾಡಿ ಎಂದಿತು. ಆದರೆ ಸ್ಟ್ಯಾಟಿಕ್ ಐಪಿ ಇರಲೇಬೇಕು ಎಂದಿತು. ಕವನ ಅದನ್ನೂ ಹಾಕಿಸಿದಳು.

“ಎಲ್ಲರ ಇಂಟರ್‌ನೆಟ್ಟಿಗೂ ಒಂದು ನಂಬರ್ ಇರುತ್ತಮ್ಮ,” ಎಂದು ಕವನ ತಾಯಿಗೆ ಬಿಡಿಸಿ ಹೇಳಿದಳು. “ಬೇರೆಯವರದು ಆಗಾಗ ಬದಲಾಗುತ್ತೆ, ನಮ್ಮದು ಬದಲಾಗಲ್ಲ. ಈ ನಂಬರಿಂದ ಹೋದ್ರೆ ಮಾತ್ರ ಆಫೀಸಿನವರು ಅವರ ಕಂಪ್ಯೂಟರಿನೊಳಗೆ ನನ್ನನ್ನ ಬಿಡ್ತಾರೆ. ವೈಫೈ ಪಾಸ್‌ವರ್ಡ್ ಯಾರಿಗೂ ಹೇಳ್ಬೇಡ. ಯಾರು ಏನು ಮಾಡಿದ್ರೂ ನಮ್ಮ ನಂಬರಲ್ಲೇ ಹೋಗುತ್ತೆ.”

ಪುಷ್ಪಮ್ಮ ಹೂಂಗುಟ್ಟಿದಳು. ತನ್ನ ಫೋನಿನ ಹಾಗೆ ಇದಕ್ಕೂ ಒಂದು ಖಾಯಂ ನಂಬರು ಎಂಬುದಷ್ಟೇ ಅವಳ ತಲೆಯೊಳಗೆ ಇಳಿದದ್ದು.

ಹತ್ತು ದಿನ ಕಳೆದಿರಲಿಲ್ಲ, ಹುಚ್ಚಮ್ಮ ಬಂದಳು. “ಪುಷ್ಪಕ್ಕಾ, ನಮ್ಮ ಹುಡುಗ ಲ್ಯಾಪ್‌ಟಾಪಲ್ಲಿ ರಿಸಲ್ಟ್ ನೋಡ್ಬೇಕಂತೆ. ನಿಮ್ಮನೆ ವೈಫೈ ನಮ್ಮ ಜಗಲಿವರೆಗೂ ಬರುತ್ತಂತೆ ಮಾರಾಯ್ತಿ.” ಫೋನಿಗೆ ಕರೆದು ಕರೆದು ಕಾಲು ಸವೆಸಿದವಳು ಇಲ್ಲ ಅನ್ನುವುದು ಹೇಗೆ? ಪಾಸ್‌ವರ್ಡ್ ಹೇಳಿಬಿಟ್ಟಳು. ಆಮೇಲೆ ಪಕ್ಕದ ಮನೆ, ಅದರಾಚೆ ಮನೆ. ಬಾಗಿಲಲ್ಲಿ ಮತ್ತೆ ಜನ ಕಂಡರು, ಒಬ್ಬಟ್ಟಿನ ತಟ್ಟೆ ಬಂತು. ಎಷ್ಟೋ ವರ್ಷದ ಮೇಲೆ ಪುಷ್ಪಮ್ಮ ಹಾಡು ಗುನುಗಿದಳು. ಕವನಳಿಗೆ ಮಾತ್ರ ಹೇಳಲಿಲ್ಲ.

ಒಂದು ಮಧ್ಯಾಹ್ನ ಶಿವಮೊಗ್ಗದಿಂದ ಪೊಲೀಸರು ಬಂದರು. ಅಲ್ಲಿನ ಗೋಪಾಳ ಬಡಾವಣೆಯ ಹುಡುಗಿಯೊಬ್ಬಳಿಗೆ ಯಾರೋ ಹೊಲಸು ಹೊಲಸಾಗಿ ಇ-ಮೇಲ್ ಬರೆಯುತ್ತಿದ್ದರಂತೆ. ಪಾಪ, ಅವಳು ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಆ ಇ-ಮೇಲ್‌ಗಳ ಬೆನ್ನು ಹತ್ತಿದರೆ ಸಿಕ್ಕಿದ್ದು ಕವನಳ ನಂಬರು.

“ಬದಲಾಗೋ ನಂಬರ್ ಆಗಿದ್ರೆ ಹೀಗಾಗ್ತಿರ್ಲಿಲ್ವಾ ಸ್ವಾಮಿ?” ಪುಷ್ಪಮ್ಮ ಕೇಳಿದಳು.

“ಆಗಲೂ ಇಲ್ಲಿಗೇ ಬರ್ತಿದ್ವಿ ಕಣಮ್ಮ. ಯಾವ ಹೊತ್ತಲ್ಲಿ ಯಾವ ನಂಬರ್ ಯಾರ ಮನೇಲಿತ್ತು ಅಂತ ಇಂಟರ್‌ನೆಟ್ ಕೊಟ್ಟವರಿಗೆ ಗೊತ್ತಿರುತ್ತೆ. ಪಾಸ್‌ವರ್ಡ್ ಯಾರ್‍ಯಾರಿಗೆ ಹೇಳಿದೀರಿ?” ಎಂದರು ಇನ್ಸ್‌ಪೆಕ್ಟರು.

ಕವನ ತಾಯಿಯ ಮುಖ ನೋಡಿದಳು. ಪುಷ್ಪಮ್ಮ ಒಬ್ಬೊಬ್ಬರ ಹೆಸರೂ ಹೇಳಿದಳು. ಸಾಲಿನವರನ್ನೆಲ್ಲ ಕರೆಸಿದರು.

“ವೈಫೈ ಅಂದ್ರೇನು ಅಂತ್ಲೇ ಗೊತ್ತಿಲ್ಲ ಸಾರ್,” ಎಂದಳು ಹುಚ್ಚಮ್ಮ, ನೆಲ ನೋಡುತ್ತ. ಉಳಿದವರೂ ಅದನ್ನೇ ಹೇಳಿದರು. ಹಿಂದಿನಿಂದ ಯಾರೋ, “ಗಂಡನ್ನ ಬಿಟ್ಟು ಬಂದವಳು, ಹಗಲೆಲ್ಲ ಕಂಪ್ಯೂಟರ್ ಮುಂದೇನೇ ಇರ್ತಾಳೆ,” ಎಂದೂ ಸೇರಿಸಿದರು. ಆ ನಾಲಿಗೆಗೆ ಹುಳ ಬೀಳ!

ಪೊಲೀಸರು ಕವನಳ ಕಂಪ್ಯೂಟರನ್ನು ಜೀಪಿಗೆ ಹಾಕಿಕೊಂಡು ಹೋದರು. ಬರೆದವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ವಿಷಯ ತಿಳಿದ ಕಂಪನಿ, ರೋಗಿಗಳ ಗುಟ್ಟು ಇಂಥ ಮನೆಗೆ ಕಳಿಸಲಾಗದು ಎಂದು ಆ ನಂಬರಿಗೆ ಬಾಗಿಲು ಹಾಕಿತು. ಮಗಳು ತನ್ನ ಕಾಲ ಮೇಲೆ ನಿಂತಿದ್ದ ಒಂದೇ ಆಸರೆ ಅದು. “ನಾನು ಹೇಳಿದ್ದೆ ಅಲ್ವೇನಮ್ಮ?” ಎಂದು ಒಂದೇ ಮಾತು ಆಡಿ ಕೋಣೆ ಸೇರಿದ ಕವನ ಆಮೇಲೆ ತಾಯಿಯೊಡನೆ ಮಾತು ಬಿಟ್ಟಳು.

ಆ ವಾರವೇ ಫೋನು ರಿಂಗಾಯಿತು.

“ಪುಷ್ಪಮ್ಮನಾ? ನಮ್ಮ ಹುಚ್ಚಮ್ಮನ್ನ ಸ್ವಲ್ಪ ಕರಿ ತಾಯಿ. ಮೈಗೆ ಹುಷಾರಿಲ್ಲ, ಒಂದ್ಸಲ ಅವಳ ದನಿ ಕೇಳ್ಬೇಕು.”

ಪುಷ್ಪಮ್ಮ ಅಭ್ಯಾಸದಂತೆ ರಿಸೀವರ್ ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡು ಹೊಸ್ತಿಲವರೆಗೆ ಬಂದಳು. ಎದುರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹುಚ್ಚಮ್ಮ ಅವಳನ್ನು ಕಂಡು, ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪುಷ್ಪಮ್ಮ ವಾಪಸು ಬಂದಳು.

“ಅಂಥವರು ಇಲ್ಲಿ ಯಾರೂ ಇಲ್ಲ. ರಾಂಗ್ ನಂಬರ್.”

“ಅಯ್ಯೋ, ಇದೇ ನಂಬರಲ್ವೇನೇ ತಾಯಿ? ಇಷ್ಟು ವರ್ಷ ಇದಕ್ಕೇ...”

ಮುದುಕಿ ಮಾತಾಡುತ್ತಿರುವಾಗಲೇ ರಿಸೀವರ್ ಇಟ್ಟಳು. ಫೋನು ಮತ್ತೆ ರಿಂಗಾಯಿತು. ಗೋಡೆಗೊರಗಿ ಕುಳಿತು, ಅದು ತಾನಾಗಿ ನಿಲ್ಲುವ ತನಕ ಪುಷ್ಪಮ್ಮ ಅತ್ತಳು.