ಇಲಿಗೆ ನಾಟಿದ ಮದ್ದು

ಇಂದ್ರಾಣಿಯ ಕೆಲಸ ಇಲಿಗಳನ್ನು ನೀರಿಗೆ ಬಿಡುವುದು. ಊರಿಗಾಂನಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತಾಳೆ. ಅಲ್ಲಿನ ಒಂದು ಲ್ಯಾಬಿನಲ್ಲಿ ಖಿನ್ನತೆಗೆ ಹೊಸ ಔಷಧ ಹುಡುಕುತ್ತಾರೆ. ಗಾಜಿನ ಜಾಡಿಯಲ್ಲಿ ನೀರು, ಹತ್ತಿ ಬರಲು ಆಸರೆಯಿಲ್ಲ. ಇಲಿ ಒದ್ದಾಡುತ್ತದೆ, ಗಾಜು ಕೆರೆಯುತ್ತದೆ, ಆಮೇಲೆ ಮೂಗು ಮಾತ್ರ ಮೇಲಿಟ್ಟು ಸುಮ್ಮನೆ ತೇಲುತ್ತದೆ. ಮದ್ದು ಚುಚ್ಚಿದ ಇಲಿ ಹೆಚ್ಚು ಹೊತ್ತು ಈಜಿದರೆ ಆ ಮದ್ದಿನ ಮೇಲೆ ಆಸೆ ಇಡಬಹುದು. ಲೆಕ್ಕವನ್ನು ಕ್ಯಾಮೆರಾ ಇಡುತ್ತದೆ. ಇಲಿಯನ್ನು ಎತ್ತಿ, ಒರೆಸಿ, ದೀಪದ ಕೆಳಗೆ ಬೆಚ್ಚಗಿಡುವುದು ಇಂದ್ರಾಣಿಯ ಪಾಲು.

"ನಮ್ ಮಾರಿಕುಪ್ಪಂ ಟ್ರೈನ್ ಜನದ ಥರಾನೇ ಅಕ್ಕಾ ಇವು," ಎನ್ನುತ್ತಾನೆ ಅದೇ ರೈಲಿನಲ್ಲಿ ಬಂದು ಜೊತೆಗೆ ದುಡಿಯುವ ಸೆಲ್ವರಾಜ್. "ಸೀಟು ಸಿಕ್ಕಲ್ಲ ಅಂತ ಗೊತ್ತಾದ್ಮೇಲೆ ಒದ್ದಾಡಲ್ಲ."

ಮನೆಯಲ್ಲಿ ಅವಳ ತಮ್ಮ ವೇಣು ಯುಗಾದಿಯಿಂದ ಚಾಪೆ ಬಿಟ್ಟು ಎದ್ದಿರಲಿಲ್ಲ. ರಾಬರ್ಟ್‌ಸನ್‌ಪೇಟೆಗೆ ಅವನು ಓಡಿಸುತ್ತಿದ್ದ ಆಟೊ ಬಾಗಿಲ ಮುಂದೆ ನಿಂತು, ಟೈರು ಕುಸಿದಿತ್ತು. ಸ್ನಾನ ಬಿಟ್ಟ, ಮಾತು ಬಿಟ್ಟ. ತಾಯಿ ನರಸಮ್ಮ ತಾಯತ ಕಟ್ಟಿಸಿದಳು. ಅದು ಕಾಯಿಲೆಯೆಂದು ಬಲ್ಲವಳು ಇಂದ್ರಾಣಿಯೊಬ್ಬಳೇ. ಬಂಗಾರಪೇಟೆಯ ಡಾಕ್ಟರ ಬಳಿಗೆ ಕರೆದೊಯ್ದಳು. ನಿಲ್ಲಿಸದೆ ಕೊಡಿ ಎಂದು ಹೇಳಿ ಅವರು ಮಾತ್ರೆ ಬರೆದರು. ಹೊರಗೆ ಜನ ಕಾಯುತ್ತಿದ್ದರು, ಅವಳೂ ಹೆಚ್ಚು ಕೇಳಲಿಲ್ಲ.

ಮಾತ್ರೆಯ ಹೆಸರು ಅವಳಿಗೆ ಗುರುತಿನದು. ಹೊಸ ಮದ್ದಿನ ಜೊತೆ ಹೋಲಿಸಿ ನೋಡಲು ಲ್ಯಾಬಿನಲ್ಲಿ ಕೆಲವು ಇಲಿಗಳಿಗೆ ಅದನ್ನೇ ಕೊಡುತ್ತಿದ್ದರು. ಅದು ಚುಚ್ಚಿದ ದಿನವೇ ನಾಟಿ, ಇಲಿ ಹೆಚ್ಚು ಹೊತ್ತು ಈಜುವುದನ್ನು ಎಷ್ಟೋ ಸಲ ಕಂಡಿದ್ದಳು. ವೇಣು ಮಾತ್ರೆ ನುಂಗಿದ ಮೊದಲ ಸಂಜೆ ಸ್ಟೇಷನ್ನಿನಿಂದ ಬಿರಬಿರನೆ ಬಂದು ಬಾಗಿಲು ತಳ್ಳಿದಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಮರುವಾರವೂ ಹಾಗೇ. ಮೇಲಾಗಿ ಹೊಟ್ಟೆ ತೊಳಸಿ, ತಿಂದ ಮುದ್ದೆಯನ್ನು ಕಕ್ಕಿದ.

"ಇದು ಇವ್ನಿಗೆ ನಾಟಲ್ಲ ಅಮ್ಮ," ಎಂದಳು ಇಂದ್ರಾಣಿ. "ನಾಟೋದಾಗಿದ್ರೆ ಆವತ್ತೇ ನಾಟ್ತಿತ್ತು. ನಾನು ದಿನಾ ನೋಡಲ್ವಾ? ಬಿಡ್ಲಾ ವೇಣು, ನುಂಗ್ಬೇಡ."

ಬಿಟ್ಟ. ಮಳೆಗಾಲ ಹಿಡಿಯುವ ಹೊತ್ತಿಗೆ ಅನ್ನವನ್ನೂ ಅರ್ಧ ಬಿಟ್ಟ. ಕರೆದರೆ ಡಾಕ್ಟರಲ್ಲಿಗೆ ಬರಲೊಲ್ಲ. ಒಂದು ಸಂಜೆ ಇಂದ್ರಾಣಿ ತಾನೇ ಬಂಗಾರಪೇಟೆಯಲ್ಲಿ ಇಳಿದು, ಬೇರೆ ಮಾತ್ರೆ ಇದೆಯೇ ಎಂದು ಕೇಳಿದಳು. ಮೊದಲಿನದನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಿ, ಅವಳ ಕಾರಣವನ್ನು ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ಇಲಿ ಮಾತು ಬೇರೆ ಕಣಮ್ಮ. ಮನುಷ್ಯರಿಗೆ ನಾಲ್ಕಾರು ವಾರ ಬೇಕು. ಹೊಟ್ಟೆ ಮೊದಲು ಕೆಡುತ್ತೆ, ಮನಸ್ಸು ಆಮೇಲೆ ತಿಳಿಯಾಗುತ್ತೆ. ನಾನೂ ಬಿಡಿಸಿ ಹೇಳಬೇಕಿತ್ತು. ಮತ್ತೆ ಶುರು ಮಾಡಿ, ಅವರನ್ನ ಹೇಗಾದರೂ ಕರ್ಕೊಂಡು ಬನ್ನಿ."

ಮನೆಗೆ ಬಂದು, ಮಾತ್ರೆ ಮತ್ತು ನೀರಿನ ಲೋಟ ಹಿಡಿದು ಚಾಪೆಯ ಬಳಿ ಕೂತಳು.

"ನುಂಗ್ಲಾ ವೇಣು. ಗೊತ್ತಾಗ್ದೆ ಏಳ್ಬುಟ್ಟೆ ನಾನು."

"ನೀನು ದಿನಾ ನೋಡೋಳು ಅಕ್ಕ." ದನಿಯಲ್ಲಿ ಕೋಪವಿರಲಿಲ್ಲ. "ನೀನೇ ನಾಟಲ್ಲ ಅಂದ್ಮೇಲೆ ಇನ್ಯಾರಿಗೆ ಗೊತ್ತು?"

"ಅದು ಇಲಿ ಕಣ್ಲಾ."

"ಬಿಡಕ್ಕ."

ಈಗಲೂ ಕೆಲಸಕ್ಕೆ ಹೊರಡುವ ಮುನ್ನ ಅವಳು ಹಾಗೇ ಕೂರುತ್ತಾಳೆ. ಅವನು ಹಲ್ಲು ಕಚ್ಚುವುದಿಲ್ಲ, ಕೈ ತಳ್ಳುವುದಿಲ್ಲ. ಬಾಯಿ ತೆರೆಯುವುದಿಲ್ಲ, ಅಷ್ಟೇ. ನರಸಮ್ಮ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಹೇಳುತ್ತಾಳೆ:

"ಟ್ರೈನ್ ಓಗ್ಬುಡ್ತದೆ, ಎದ್ದೇಳಮ್ಮ."