ಗಿರಿಜಾ ಎತ್ತಿಡಿಸಿದ ಸ್ಯಾಂಪಲ್

ಬೆಳಿಗ್ಗೆ ಫೋನ್ ಬಂತು... ಗಿರಿಜಾ ಹೋಗಿಬಿಟ್ಟಳು ಅಂತ.
ಯಾವ ಗಿರಿಜಾ ಅಂತ ಕೇಳಿದೆ ನಾನು.
ಗೊತ್ತಿದ್ದೂ ಕೇಳಿದೆ...

ಫ್ರೆಂಡ್ಸ್, ಹೊಸಪೇಟೆಯಲ್ಲಿ ನಾನು ಹೆಡ್ ನರ್ಸ್ ಆಗಿರುವ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಅವಳು.
ಚಿತ್ತವಾಡ್ಗಿಯ ಹುಡುಗಿ.
ಮೂರು ವಾರದ ಹಿಂದೆ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದು ಅವಳ ಸ್ಕೂಟರಿಗೆ ತಾಗಿತು.
ಕಾಲು ಮುರಿದಿತ್ತು... ಅಷ್ಟೇ ಅಂದುಕೊಂಡಿದ್ದೆವು.
ನಮ್ಮಲ್ಲೇ ಆಪರೇಷನ್ ಆಯಿತು. ಆಮೇಲೆ ಗಾಯ ಕೀವಾಯಿತು.
ಯಾವ ಆಂಟಿಬಯೋಟಿಕ್‌ಗೂ ಅದು ಬಗ್ಗಲಿಲ್ಲ...

ಅಂಥ ಬ್ಯಾಕ್ಟೀರಿಯಾದ ಬೆನ್ನು ಹತ್ತಿದ್ದವಳೇ ಇವಳು.
ಔಷಧಿಗೆ ಜಗ್ಗದ್ದು ಯಾರ ಗಾಯದಲ್ಲಿ ಸಿಕ್ಕರೂ ಲ್ಯಾಬಿನ ಫ್ರಿಜ್‌ನಲ್ಲಿ ಜೋಪಾನವಾಗಿ ಇಡುತ್ತಿದ್ದಳು.
ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದಳು.
ಅಲ್ಲಿ ಅವುಗಳ ಡಿಎನ್‌ಎ ಹೋಲಿಸಿ, ಯಾವುದು ಯಾವುದರ ಸಂತತಿ ಅಂತ ಹೇಳುತ್ತಿದ್ದರು.
ನಿನ್ನ ಮಕ್ಕಳು ಆರಾಮಿದ್ದಾರಾ ಅಂತ ನಾವೆಲ್ಲ ರೇಗಿಸುತ್ತಿದ್ದೆವು...

ಹೋದ ವರ್ಷ ನಮ್ಮ ವಾರ್ಡಿನ ಎಷ್ಟೋ ಜನರಲ್ಲಿ ಒಂದೇ ಸಂತತಿ ಸಿಕ್ಕಿತು.
ನಮ್ಮ ಆಸ್ಪತ್ರೆಯ ಮೆಟ್ಟಿಲೇ ಹತ್ತದ, ಅಲ್ಲಿನ ಡಾಕ್ಟರು ಸ್ಯಾಂಪಲ್ ಮಾತ್ರ ಕಳಿಸಿದ್ದ ಕಂಪ್ಲಿಯ ಒಬ್ಬರ ಗಾಯದಲ್ಲೂ ಅದೇ.
ಅವರ ಹೆಂಡತಿ ನಮ್ಮಲ್ಲಿ ಒಂದು ವಾರ ಮಲಗಿ ಹೋಗಿದ್ದರು.
ವಾರ್ಡಿನಲ್ಲಿ ಅದು ಮಂಚದಿಂದ ಮಂಚಕ್ಕೆ ಹೋಗುತ್ತಿರುವುದು ಹೇಗೆ ಅಂತ ಗಿರಿಜಾ ಹುಡುಕತೊಡಗಿದಳು...

ಗಿರಿಜಾ,
ಆವತ್ತು ನೀನು ನನ್ನ ಮುಂದೆ ಬಂದು ನಿಂತೆ.
"ಸಿಸ್ಟರ್, ಒರಸೋ ಅರಿವಿದು ಒಂದ್ ಸ್ಯಾಂಪಲ್ ಕೊಡ್ರಿ."

ಒರೆಸುವ ಬಟ್ಟೆಯ ಮೇಲೇ ಅನುಮಾನವಾ ಅಂತ ಮೈಯೆಲ್ಲ ಉರಿದುಹೋಯಿತು ನನಗೆ.
ಈ ಊರಿನ ಕೆಂಪು ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ.
ಗಂಟೆಗೊಮ್ಮೆ ಮಂಚ, ಸ್ಟ್ಯಾಂಡು, ಟೇಬಲ್ಲು ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿಸುತ್ತಿದ್ದೆ.
ಬೆರಳಿಗೆ ಧೂಳು ಹತ್ತದ ವಾರ್ಡು ಅನ್ನೋದು ನನ್ನ ಜಂಬ.
ಒಂದೇ ಬಕೆಟ್, ಒಂದೇ ಬಟ್ಟೆ... ಎಲ್ಲ ಮಂಚಕ್ಕೂ.

ನನಗೇ ಸ್ವಚ್ಛತೆ ಕಲಿಸ್ತೀಯಾ ಅಂತ ಬೈದು ಕಳಿಸಿದೆ.
ಹತ್ತು ದಿನ ಬಿಟ್ಟು ನೀನು ಮತ್ತೆ ಬಂದೆ. ಆಗ ಕೊಟ್ಟೆ.
ಅಷ್ಟರಲ್ಲಿ ನಮ್ಮ ವಾರ್ಡಿನಲ್ಲಿದ್ದ ಕಮಲಾಪುರದ ಒಬ್ಬ ತಾಯಿ ತೀರಿಕೊಂಡಿದ್ದರು.
ಅವರ ರಕ್ತದಲ್ಲಿದ್ದ ಸಂತತಿಯೇ ನಾನು ಒರೆಸಿಸುತ್ತಿದ್ದ ಬಟ್ಟೆಯಲ್ಲೂ ಇತ್ತು...

ಮಂಚಕ್ಕೊಂದು ಬಟ್ಟೆ ಅಂತ ರೂಲ್ ಮಾಡಿದೆ. ಬಾಯಿ ಮುಚ್ಚಿಕೊಂಡೆ.
ಆ ತಾಯಿಯ ಮನೆಯವರಿಗೆ ಏನೂ ಹೇಳಲಿಲ್ಲ.
ಆ ಹತ್ತು ದಿನದ ವಿಷಯ ನೀನೂ ಯಾರ ಹತ್ತಿರವೂ ಎತ್ತಲಿಲ್ಲ.
ನನ್ನ ಮುಖ ನೋಡಿ ನೀನು ಸುಮ್ಮನಾದೆ ಅನ್ನೋದು ನನಗೆ ಗೊತ್ತು...

ಮೊನ್ನೆ ಐಸಿಯುನಲ್ಲಿ ನನ್ನ ಕೈ ಹಿಡಿದು ಹೇಳಿದೆಯಲ್ಲ,
"ಸಿಸ್ಟರ್, ನಂದೂ ಒಂದು ಎತ್ತಿಡ್ರಿ. ಬೆಂಗಳೂರಿಗೆ ಕಳಸ್ರಿ. ಎಲ್ಲಿಂದ ಬಂತು ಅಂತ ಗೊತ್ತಾಗ್ಲಿ."
ಹುಚ್ಚು ಮಾತಾಡಬೇಡ, ಮಲಗು ಅಂದೆ.
ಆದರೆ ಎತ್ತಿಟ್ಟೆ...

ಮಧ್ಯಾಹ್ನ ನಿನ್ನ ಮಣ್ಣು ಮುಗಿಸಿ ಸೀದಾ ಲ್ಯಾಬಿಗೆ ಹೋದೆ.
ನಾನೇ ಐಸ್ ತುಂಬಿದೆ. ಟೇಪ್ ಸುತ್ತಿದೆ. ಕಳಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.
ಉತ್ತರ ಬರೋಕೆ ವಾರಗಟ್ಟಲೆ ಬೇಕು.
ನಮ್ಮ ವಾರ್ಡಿನದೇ ಅಂತ ಬಂದರೆ ಆ ಕಾಗದ ಹಿಡಿದುಕೊಂಡು ನಿನ್ನ ಅವ್ವನ ಮುಂದೆ ಕೂರುತ್ತೇನೆ.

ಕಮಲಾಪುರದ ಉತ್ತರ ಮಾತ್ರ ನನ್ನ ಹತ್ತಿರ ಒಂದು ವರ್ಷದಿಂದ ಇದೆ.
ನಾಳೆ ಬೆಳಗಿನ ಬಸ್ಸಿಗೆ ಹೋಗಿ ಆ ತಾಯಿಯ ಮನೆಯವರಿಗೆ ಕೊಟ್ಟು ಬರುತ್ತೇನೆ.

ಹೋಗಿ ಬಾ ಗಿರಿಜಾ...
ನಿನ್ನ ಜೀವಕ್ಕೆ ಇನ್ನಾದರೂ ನೆಮ್ಮದಿ ಸಿಗಲಿ.